ಒಗೆಯುವ ಕಲ್ಲಿನ ಅಡಿಯ ಬಿ.ಇ.

ನಮ್ಮಪ್ಪ ಬೈಲಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೆ ಜಯನಗರದಲ್ಲಿ ಯಾರು ಏನು ಓದಿದ್ದಾರೆ, ಆ ಓದಿನಿಂದ ಯಾರಿಗೆ ಎಂಥ ಮನೆ ಕಟ್ಟಲು ಸಾಧ್ಯವಾಯಿತು ಎಂಬುದು ಅವನಿಗೆ ಗೊತ್ತಿದ್ದಷ್ಟು ಯೂನಿವರ್ಸಿಟಿಯವರಿಗೂ ಗೊತ್ತಿರಲಾರದು. ಆ ಬಡಾವಣೆಯ ಅರ್ಧಕ್ಕರ್ಧ ಮನೆಗಳ ಗೇಟಿನ ಪಕ್ಕದ ಹೆಸರಿನ ಕಲ್ಲು ಕೊರೆದವನು ಅವನೇ.

ಬನಶಂಕರಿ ಗುಡಿಯ ರಸ್ತೆಯ ಬದಿಯಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಅಪ್ಪನ ಕೆಲಸ, ಹಿಂದೆ ತಗಡಿನ ಮಾಡಿನ ನಮ್ಮ ಮನೆ. ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ವಾರವಿರುವಾಗ ಚೀಟಿ ಹಿಡಿದು ಅಲ್ಲಿಗೆ ಬರುತ್ತಿದ್ದರು. ಚೀಟಿಯಲ್ಲಿ ಹೆಸರು, ಹೆಸರಿನ ಮುಂದೆ ಡಿಗ್ರಿ. ಬೋರ್ಡ್ ಬರೆಯುವ ಪೇಂಟರೊಬ್ಬ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆದುಕೊಡುತ್ತಿದ್ದ. ಅಪ್ಪ ಉಳಿ, ಸುತ್ತಿಗೆ ಹಿಡಿದು ಆ ಗೆರೆಯ ಮೇಲೆ ಹೋಗುತ್ತಿದ್ದ. ಅಕ್ಷರಗಳು ಅವನಿಗೆ ಆಕಾರಗಳಷ್ಟೇ. ಆದರೆ ಆಕಾರ ನೋಡಿಯೇ ಮನುಷ್ಯನನ್ನು ಅಳೆಯುವುದನ್ನು ಕಲಿತಿದ್ದ.

ಅವನ ಲೆಕ್ಕದಲ್ಲಿ ಬಿ.ಇ. ಎಂದರೆ ಮಹಡಿ ಮನೆ, ಅಗಲದ ಗೇಟು, ಚೌಕಾಸಿ ಇಲ್ಲದ ಗಿರಾಕಿ. ಎಂ.ಬಿ.ಬಿ.ಎಸ್. ಆದರೆ ಕಲ್ಲು ಎರಡು, ಮನೆಗೊಂದು, ಡಾಕ್ಟರ್ ಶಾಪಿಗೊಂದು. ಬಿ.ಕಾಂ. ಎಂದರೆ ಬ್ಯಾಂಕು, ಚಿಕ್ಕದಾದರೂ ಚೊಕ್ಕ ಮನೆ. ಬಿ.ಎ., ಬಿ.ಎಡ್. ಎಂದಿದ್ದರೆ ಮೇಷ್ಟ್ರು, ಕಲ್ಲು ಸಣ್ಣದು, ಅಕ್ಷರ ಜಾಸ್ತಿ, ಮೇಲಾಗಿ ಎರಡು ಸಲ ಬಂದು ಕಾಗುಣಿತ ಪರೀಕ್ಷೆ ಮಾಡಿ ಹೋಗುತ್ತಾರೆ.

"ಬಿ.ಎಸ್ಸಿ. ಅಂತ ಬರೀ ಅದೊಂದ್ನೇ ಕೊರ್ಸ್ಕೊಂಡೋರ್ನ ನಾನು ನೋಡೇ ಇಲ್ಲ. ಅವ್ರೆಲ್ಲ ಬಾಡಿಗೆ ಮನೇಲಿ ಇರ್ತಾರೇನೋ" ಎನ್ನುತ್ತಿದ್ದ.

ನಮ್ಮ ಹೆಸರುಗಳು ಕೂಡ ಅವನ ಕೆಲಸದಿಂದಲೇ ಬಂದವು. ನಾನು ಹುಟ್ಟಿದ ವಾರ ನಾಲ್ಕನೇ ಬ್ಲಾಕಿನ ಯಾರದೋ ಮನೆಗೆ 'ಶ್ರೀನಿವಾಸ ಕೃಪಾ' ಎಂದು ಕೊರೆಯುತ್ತಿದ್ದನಂತೆ, ನಾನು ಶ್ರೀನಿವಾಸ ಆದೆ, ಮನೆಯಲ್ಲಿ ಸೀನು. ಎರಡು ವರ್ಷದ ನಂತರ ತಂಗಿ ಹುಟ್ಟಿದಾಗ ಕೈಯಲ್ಲಿದ್ದ ಕಲ್ಲು 'ವಾರಿಜಾ ನಿಲಯ'. ಹೀಗೆ ಸ್ವಂತ ಮನೆಯಿಲ್ಲದ ನಾವಿಬ್ಬರೂ ಬೇರೆಯವರ ಮನೆಗಳ ಹೆಸರು ಇಟ್ಟುಕೊಂಡು ಬೆಳೆದೆವು.

ವಾರಿಜಾ ಆರನೇ ಕ್ಲಾಸಿನಲ್ಲಿದ್ದಾಗ ಪೇಂಟರು ಜ್ವರ ಬಂದು ಮಲಗಿದ. ಗಿರಾಕಿ ತಲೆಯ ಮೇಲೆ ಕೂತಿದ್ದರು. ಅವಳು ಸೀಮೆಸುಣ್ಣ ತೆಗೆದುಕೊಂಡು ಬರೆದೇಬಿಟ್ಟಳು. ಅಕ್ಷರ ಎಷ್ಟು ದುಂಡಗಿತ್ತೆಂದರೆ ಆ ಪೇಂಟರು ಮತ್ತೆ ನಮ್ಮ ಮರದ ಕೆಳಗೆ ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ಶಾಲೆಯಿಂದ ಬಂದು ಬ್ಯಾಗು ಬಿಸಾಡಿ ಅವಳು ಕಲ್ಲಿನ ಮುಂದೆ ಕೂರುವುದು, ಅವಳು ಬರೆದಿದ್ದನ್ನು ಅಪ್ಪ ಕೊರೆಯುವುದು. ನಾನೂ ಒಮ್ಮೆ ಪ್ರಯತ್ನಿಸಿದೆ. ಅಪ್ಪ ನೋಡಿ, "ಇದ್ನ ಕೊರುದ್ರೆ ಗಿರಾಕಿ ನನ್ನ ತಲೆ ಕೊರೀತಾನೆ, ಅಳ್ಸು" ಎಂದ.

ಬರೆಯುತ್ತಾ ಬರೆಯುತ್ತಾ ಅವಳು ಪ್ರಶ್ನೆ ಕೇಳುತ್ತಿದ್ದಳು. ಒಂದು ಪ್ರಶ್ನೆ ಮಾತ್ರ ವರ್ಷಾನುಗಟ್ಟಲೆ ಕೇಳಿದಳು. ನಮ್ಮ ಕಡೆಯ ಕ್ವಾರಿಗಳಲ್ಲಿ ಎಲ್ಲೆಲ್ಲೂ ಬಿಳಿಕಲ್ಲು. ಆದರೆ ಕನಕಪುರ ರಸ್ತೆಯಾಚೆ ಕೆಲವು ಕಡೆ ಆ ಬಿಳಿಕಲ್ಲಿನ ಹೊಟ್ಟೆಯೊಳಗೆ ಕರಿಕಲ್ಲು ಒಂದು ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ನಾಲ್ಕು ಮಾರು ಅಗಲ, ಮೈಲಿಗಟ್ಟಲೆ ಉದ್ದ.

"ಬಿಳಿ ಕಲ್ಲೊಳಗೆ ಕರಿ ಕಲ್ಲು ಹೆಂಗಪ್ಪ ಬಂತು?"

"ದೇವ್ರು ಇಟ್ಟ."

"ಯಾವಾಗ? ಬಿಳಿಕಲ್ಲಿಗೆ ಮುಂಚೆನಾ, ಆಮೇಲಾ?"

"ನಾನು ಪಕ್ದಲ್ಲಿ ನಿಂತಿರ್ಲಿಲ್ಲ ಕಣವ್ವ. ಬರಿ, ಗಿರಾಕಿ ಬರ್ತಾರೆ."

ಎಪ್ಪತ್ತಾರರಲ್ಲಿ ಅವಳ ಪಿ.ಯು.ಸಿ. ರಿಸಲ್ಟ್ ಬಂತು. ಗಣಿತದಲ್ಲಿ ತೊಂಬತ್ತರ ಮೇಲೆ. ನಾನಾಗ ಬಿ.ಕಾಂ. ಎರಡನೇ ವರ್ಷ ಮುಗಿಸಿದ್ದೆ, ನನ್ನ ಮಾರ್ಕ್ಸಿನ ವಿಷಯ ಇಲ್ಲಿ ಬೇಡ. ಅಂದು ಜಯಸಿಂಹ ಸಾಹೇಬರು ತಮ್ಮ ಕಲ್ಲು ಒಯ್ಯಲು ಬಂದಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ದೊಡ್ಡ ಎಂಜಿನಿಯರು, ಬಿ.ಇ., ಮಹಡಿ ಮನೆ. ಅವರು ಮಾರ್ಕ್ಸ್ ಕಾರ್ಡನ್ನು ಕನ್ನಡಕ ಮೇಲೆತ್ತಿ ನೋಡಿ, "ಬೈಲಪ್ಪ, ಈ ಮಾರ್ಕ್ಸಿಗೆ ಎಂಜಿನಿಯರಿಂಗ್ ಸೀಟು ಕಣ್ಣು ಮುಚ್ಕೊಂಡು ಸಿಗುತ್ತೆ ಕಣಯ್ಯ. ನಿನ್ ಮಗಳು ನಮ್ ಥರ ಬಿ.ಇ. ಆಗ್ತಾಳೆ" ಎಂದರು.

ಮುಂದಿನ ಭಾನುವಾರ ಅಪ್ಪ ಒಂದು ಕೆಲಸ ಮಾಡಿದ. ಕಲ್ಲು ಕೊರೆಯುವ ಅಪ್ಪನಿಗಲ್ಲದೆ ಬೇರೆ ಯಾವ ಅಪ್ಪನಿಗೂ ಆ ಕೆಲಸ ಹೊಳೆಯುವುದಿಲ್ಲ. ಎಷ್ಟೋ ದಿನದಿಂದ ಯಾರಿಗೂ ಕೊಡದೆ ಮರದ ಬುಡಕ್ಕೆ ಒರಗಿಸಿಟ್ಟಿದ್ದ ಉತ್ತರಹಳ್ಳಿಯ ಒಳ್ಳೆಯ ಬಿಳಿ ಚಪ್ಪಡಿ ಒಂದಿತ್ತು. ವಾರಿಜಾ ಅಮ್ಮನ ಜೊತೆ ಹನುಮಂತನಗರಕ್ಕೆ ಹೋಗಿದ್ದಾಗ, ಅವಳದೇ ಹಳೆಯ ನೋಟುಬುಕ್ಕಿನ ಮೇಲಿನ ಹೆಸರು ನೋಡಿಕೊಂಡು, ಜಯಸಿಂಹರ ಕಲ್ಲಿನ ಬಿ.ಇ. ಆಕಾರ ನೆನಪಿಟ್ಟುಕೊಂಡು, ಯಾರ ಸೀಮೆಸುಣ್ಣವೂ ಇಲ್ಲದೆ ತಾನೇ ಕೊರೆದ. 'ಬಿ. ವಾರಿಜಾ, ಬಿ.ಇ.' ಅರ್ಜಿ ಕೂಡ ಹಾಕಿರದಿದ್ದ ಹುಡುಗಿಗೆ ಡಿಗ್ರಿ ಕೊಟ್ಟು ಮುಗಿಸಿದ್ದ. ಸಂಜೆ ಅವಳು ಬಂದಾಗ ಗೋಣಿಚೀಲ ಸರಿಸಿ ತೋರಿಸಿದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ವಾರಿಜಾ ಎಂಜಿನಿಯರಿಂಗಿಗೂ ಅರ್ಜಿ ಹಾಕಿದಳು, ಬಸವನಗುಡಿ ಕಡೆಯ ಒಂದು ಕಾಲೇಜಿನ ಬಿ.ಎಸ್ಸಿ.ಗೂ ಹಾಕಿದಳು. ಎರಡೂ ಕಡೆ ಸೀಟು ಬಂತು. ಎಂಜಿನಿಯರಿಂಗ್ ಸೀಟಿನ ಕಾರ್ಡನ್ನು ಪುಸ್ತಕದೊಳಗೆ ಮಡಚಿಟ್ಟು, ಭೌತಶಾಸ್ತ್ರ, ಗಣಿತ, ಭೂವಿಜ್ಞಾನ ಎಂಬ ಕಾಂಬಿನೇಷನ್‌ಗೆ ಫೀಸು ಕಟ್ಟಿ ಬಂದಳು. ಭೂವಿಜ್ಞಾನ ಎಂದರೆ ಏನೆಂದು ನಾನೇ ಅಪ್ಪನಿಗೆ ವಿವರಿಸಬೇಕಾಯಿತು.

"ಕಲ್ಲಿನ ವಿಷಯ ಅಪ್ಪ. ಕಲ್ಲು, ಮಣ್ಣು, ಗಣಿ..."

ಅಪ್ಪ ಉಳಿ ಕೆಳಗಿಟ್ಟ.

"ಕಲ್ಲಾ?" ಎಂದ. ವಾರಿಜಾಳ ಕಡೆ ತಿರುಗಿದ. "ನಮ್ಮಪ್ಪ ಕಲ್ಲು ಒಡೆದು ಸತ್ತ. ನಾನು ಕಲ್ಲು ಒಡೀತಾ ಸಾಯ್ತೀನಿ. ನಿನ್ನ ಈ ಧೂಳಿಂದ ಆಚೆ ಕಳ್ಸಾಣ ಅಂತ ಓದ್ಸುದ್ರೆ, ಕಾಲೇಜಿಗೆ ಹೋಗಿ ಕಲ್ಲು ಓದ್ತೀಯಾ? ಕಲ್ಲು ಇಲ್ಲೇ ಐತಲ್ಲ, ಬಿಟ್ಟಿ!"

"ಕಲ್ಲು ಒಡೆಯೋರಿಗೆ ಕೂಲಿ ಸಿಗುತ್ತೆ ಅಪ್ಪ. ಕಲ್ಲು ಅರ್ಥ ಮಾಡ್ಕೊಂಡೋರಿಗೆ ಕೆಲಸ ಸಿಗುತ್ತೆ."

"ಯಾರ್ಗೆ ಸಿಕ್ಕೈತೆ? ಒಬ್ಬನ ಹೆಸರು ಹೇಳು. ಇಪ್ಪತ್ತೈದು ವರ್ಷದಲ್ಲಿ ಅಂಥ ಡಿಗ್ರಿ ಒಂದೂ ಕೊರ್ದಿಲ್ಲ ನಾನು!"

ನಿಜ ಹೇಳಬೇಕೆಂದರೆ ನಾನೂ ಅಪ್ಪನ ಪಕ್ಷವೇ. ಬಿ.ಕಾಂ. ಓದುವವನಿಗೆ ಜಗತ್ತಿನಲ್ಲಿ ಬಿ.ಕಾಂ. ಬಿಟ್ಟರೆ ಬಿ.ಇ., ಉಳಿದದ್ದೆಲ್ಲ ಹೊತ್ತು ಕಳೆಯುವ ದಾರಿ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಕಲ್ಲಿನ ಮೇಲೆ ಕೊರೆದದ್ದನ್ನು ಉಜ್ಜಿ ಅಳಿಸಲು ಬರುವುದಿಲ್ಲ. ಅಕ್ಷರ ಎಷ್ಟು ಆಳವಿದೆಯೋ ಅಷ್ಟು ಆಳಕ್ಕೆ ಕಲ್ಲಿನ ಇಡೀ ಮುಖವನ್ನೇ ಇಳಿಸಬೇಕು. ಅಪ್ಪನಿಗೆ ಅದಕ್ಕೆ ಮನಸ್ಸಿರಲಿಲ್ಲ, ಗಿರಾಕಿಗಳ ಕಣ್ಣಿಗೆ ಬೀಳುವಂತೆ ಬಿಡಲು ಮುಖವಿರಲಿಲ್ಲ. ಆ ಸಂಜೆ ಚಪ್ಪಡಿಯನ್ನು ಒಬ್ಬನೇ ಉರುಳಿಸಿಕೊಂಡು ಹೋಗಿ ಹಿತ್ತಲಿನ ನಲ್ಲಿಯ ಹತ್ತಿರ ಬೋರಲು ಹಾಕಿದ. "ಬಟ್ಟೆ ಒಗ್ಯಕ್ಕೆ ಇಟ್ಕೋ" ಎಂದು ಅಮ್ಮನಿಗೆ ಹೇಳಿ ಒಳಗೆ ಹೋಗಿ ಮಲಗಿದ.

ಅಮ್ಮ ರುದ್ರಮ್ಮ ಯಾವುದಕ್ಕೂ ಮುಖ ಸಣ್ಣ ಮಾಡಿಕೊಳ್ಳುವವಳಲ್ಲ. ಮರುದಿನ ಬೆಳಿಗ್ಗೆ ಅದರ ಮೇಲೆ ಸೀರೆ ಕುಕ್ಕುತ್ತಾ, "ಬಿ.ಇ. ಮೇಲೆ ಬಟ್ಟೆ ಒಗಿಯೋ ಯೋಗ ಯಾರಿಗುಂಟು ಯಾರಿಗಿಲ್ಲ!" ಎಂದು ಬೀದಿಗೆ ಕೇಳುವಂತೆ ನಕ್ಕಳು. ಆದರೆ ಚಪ್ಪಡಿಯ ಹಿಂಬದಿ ಒರಟು, ಬಟ್ಟೆ ಹರಿಯುತ್ತಿತ್ತು. ನಾಲ್ಕು ದಿನ ಅವಳ ಗೊಣಗಾಟ ಕೇಳಿ, ಐದನೇ ದಿನ ಅಪ್ಪನೇ ಉಳಿ ತಂದು ಕೂತು ಉಬ್ಬುಗಳನ್ನು ತೆಗೆದ. ಆದರೆ ಮಗಳ ಕೈಗೆ ಸೀಮೆಸುಣ್ಣ ಮಾತ್ರ ಮತ್ತೆ ಕೊಡಲಿಲ್ಲ. ಹಳೆಯ ಪೇಂಟರನ್ನು ಹುಡುಕಿಕೊಂಡು ಹೋಗಿ ಕರೆತಂದ. ಅವನ ಅಕ್ಷರ ಸೊಟ್ಟಗಿದ್ದರೂ ಬಾಯಿ ಮುಚ್ಚಿಕೊಂಡು ಕೊರೆದ.

ವಾರಿಜಾ ಬಿ.ಎಸ್ಸಿ. ಮುಗಿಸಿದಳು, ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಮಾಡಿದಳು, ಅಲ್ಲೂ ಒಬ್ಬಳೇ. ಹೆಗಲಿಗೆ ಚೀಲ, ಚೀಲದಲ್ಲಿ ಸುತ್ತಿಗೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಬನಶಂಕರಿ ಸ್ಟಾಪಿನಲ್ಲಿ ಯಾರೋ "ಏನಮ್ಮ, ಅಪ್ಪನಿಗೆ ಊಟ ತಗೊಂಡು ಹೋಗ್ತಿದ್ದೀಯಾ?" ಎಂದು ಕೇಳಿದ್ದರಂತೆ. ಅದನ್ನು ಹೇಳಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ನನಗೆ ಬ್ಯಾಂಕಿನಲ್ಲಿ ಕ್ಲಾರ್ಕ್ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು, ಮನೆಯಲ್ಲಿ ನನ್ನ ಮಾತಿಗೆ ತೂಕ ಬಂದಿತ್ತು. ಆ ತೂಕವನ್ನು ನಾನು ಚೆನ್ನಾಗಿಯೇ ಬಳಸಿಕೊಂಡೆ. "ನನ್ ಮಾತು ಕೇಳಿದ್ರೆ" ಎಂದು ಶುರು ಮಾಡುವ ವಾಕ್ಯಗಳನ್ನು ಅವಳಿಗೆ ದಿನಕ್ಕೆ ಎರಡಾದರೂ ಹೇಳುತ್ತಿದ್ದೆ.

ಎಂಬತ್ತೊಂದರಲ್ಲಿ ಎಂ.ಎಸ್ಸಿ. ಮುಗಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿದಳು. ಅಲ್ಲಿನ ಗುಮಾಸ್ತ ಅವಳ ವಿಷಯವನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ತಿಳಿಯದೆ 'ಇತರೆ' ಎಂದು ಬರೆದುಕೊಂಡ. ಒಂದು ಕಂಪನಿಯವರು, ಇದು ಕಾಡುಮೇಡು ಅಲೆಯುವ ಕೆಲಸ, ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಟೈಪ್ ಮಾಡಿಯೇ ಕಳಿಸಿದರು. ಜಯಸಿಂಹ ಸಾಹೇಬರು ದಾರಿಯಲ್ಲಿ ಸಿಕ್ಕಾಗ, "ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿಸು ಬೈಲಪ್ಪ, ಎಲ್ಲಾದ್ರೂ ಹೇಳ್ತೀನಿ" ಎಂದರು. ಅಪ್ಪ ತಲೆ ತಗ್ಗಿಸಿಕೊಂಡು ಬಂದ. ವಾರಿಜಾ ಟೈಪಿಂಗ್ ಕೂಡ ಕಲಿತಳು, ಸಂಜೆ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದಳು. ಆದರೆ ಒಂದು ದಿನಕ್ಕೂ ತಪ್ಪು ಮಾಡಿದೆ ಎನ್ನಲಿಲ್ಲ.

ಎಂಬತ್ತಮೂರರ ಕೊನೆಯಲ್ಲಿ ಕೊಟ್ರಪ್ಪ ಒಂದು ಸಂಬಂಧ ತಂದ. ಕೊಟ್ರಪ್ಪ ಕನಕಪುರ ರಸ್ತೆಯ ಕರಿಕಲ್ಲಿನ ಕ್ವಾರಿಯ ಮೇಸ್ತ್ರಿ, ಅಪ್ಪನಿಗೆ ಹಳೆಯ ಸ್ನೇಹಿತ. ಬಾಯಿ ಜೋರು.

"ಹುಡುಗ ನನ್ನ ಅಕ್ಕನ ಮಗ. ಸ್ವಂತ ಲಾರಿ ಐತೆ. ನಿನ್ ಮಗಳು ಕಲ್ಲು ಓದವ್ಳೆ, ಅವ್ನು ಲಾರೀಲಿ ಕಲ್ಲು ಹೊಡೀತಾನೆ. ಜೋಡಿ ಸರಿಹೋಯ್ತದೆ" ಎಂದು ಗಹಗಹಿಸಿ ನಕ್ಕ.

ಅಪ್ಪ ನಗಲಿಲ್ಲ. ಅಂದು ಊಟವಾದ ಮೇಲೆ ಮಗಳನ್ನು ಕರೆದ.

"ಮುಂದಿನ್ ದಸರಾವರ್ಗೂ ಕಾಯ್ತೀನಿ ಕಣವ್ವ. ಅಷ್ಟ್ರಲ್ಲಿ ನಿನ್ ಓದಿಗೆ ಒಂದು ಕೆಲಸ ಬಂದ್ರೆ ಸರಿ. ಇಲ್ಲಾಂದ್ರೆ ಕೊಟ್ರಪ್ಪನಿಗೆ ಹೂಂ ಅಂತೀನಿ. ನಂಗೂ ವಯಸ್ಸಾಯ್ತು."

"ಆಗ್ಲಿ ಅಪ್ಪ" ಎಂದಳು ವಾರಿಜಾ. ಅಂದು ಮಾತ್ರ ನನಗೆ 'ನನ್ ಮಾತು ಕೇಳಿದ್ರೆ' ಎನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ, ಯಾರೂ ಎಣಿಸದ ರೀತಿಯಲ್ಲಿ, ನಮ್ಮ ಕರಿಕಲ್ಲಿಗೆ ಕಾಲ ಬಂತು. ಅದಕ್ಕೆ ಪಾಲಿಶ್ ಕೊಟ್ಟರೆ ಮುಖ ಕಾಣುತ್ತದೆ, ಹೊರದೇಶದವರು ಸಮಾಧಿಗಳ ಮೇಲೆ ಹೆಸರು ಕೊರೆಸಲು ಅದನ್ನೇ ಕೇಳುತ್ತಿದ್ದಾರೆ ಎಂದು ಸುದ್ದಿ. ಗುತ್ತಿಗೆ ಕೇಳುವವರು ಸರ್ಕಾರಿ ಕಚೇರಿಯ ಮುಂದೆ ಸಾಲುಗಟ್ಟಿದರು. ಕಲ್ಲು ಎಲ್ಲಿದೆ, ಎಷ್ಟಿದೆ ಎಂದು ನೋಡಿ ಹೇಳಲು ಗಣಿ ಇಲಾಖೆಯಲ್ಲಿ ಜನವಿಲ್ಲ. ಹೊಸ ಹುದ್ದೆಗಳಿಗೆ ಪೇಪರಿನಲ್ಲಿ ಜಾಹೀರಾತು ಬಂತು. ಅರ್ಹತೆ: ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಆ ಒಂದು ಸಾಲನ್ನು ವಾರಿಜಾ ಕತ್ತರಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿದಳು.

ಇಂಟರ್‌ವ್ಯೂನಲ್ಲಿ ಒಬ್ಬರು, "ಹೆಣ್ಣುಮಗಳು, ಕ್ವಾರಿ ಎಲ್ಲ ಸುತ್ತೋಕೆ ಆಗುತ್ತೇನಮ್ಮ?" ಎಂದು ಕೇಳಿದರಂತೆ.

"ನಾನು ನಡೆಯೋಕೆ ಕಲಿತಿದ್ದೇ ಕ್ವಾರಿಯಲ್ಲಿ ಸಾರ್" ಎಂದಳಂತೆ ಇವಳು.

ದಸರಾಕ್ಕೆ ಹದಿನಾಲ್ಕು ದಿನ ಬಾಕಿ ಇರುವಾಗ ಆರ್ಡರ್ ಬಂತು. ಅಮ್ಮ ಆ ಲಕೋಟೆಯನ್ನು ದೇವರ ಪಟದ ಮುಂದಿಟ್ಟು ಅತ್ತಳು. ಅಪ್ಪ "ಸರಿ" ಎಂದಷ್ಟೇ ಹೇಳಿ ಕೊಟ್ರಪ್ಪನಿಗೆ ಇಲ್ಲವೆಂದು ಹೇಳಿಕಳಿಸಿದ. ಅವನ ತಲೆಯಲ್ಲಿದ್ದದ್ದು ಇಷ್ಟೇ: ಯಾವುದೋ ಆಫೀಸು, ಮೇಜು, ಫೈಲು, ಟೈಪಿಂಗು. ಎಂ.ಎಸ್ಸಿ. ಓದಿ ಗುಮಾಸ್ತೆಯಾದಳು, ಹೋಗಲಿ, ಹೇಗೋ ಮರ್ಯಾದೆ ಉಳಿಯಿತು.

ಮರುವರ್ಷ ನಾವು ಬನಶಂಕರಿ ಎರಡನೇ ಹಂತದಲ್ಲಿ ನಮ್ಮದೇ ಮನೆ ಕಟ್ಟಿಸಲು ಹಿಡಿದೆವು. ಬ್ಯಾಂಕಿನ ಸಾಲ ನನ್ನದು, ಸೈಟು ಅಪ್ಪನ ಹೆಸರಿನದು, ಕಿಟಕಿ ಬಾಗಿಲು ವಾರಿಜಾಳ ಸಂಬಳದ್ದು. ಗೋಡೆ ಎದೆ ಮಟ್ಟಕ್ಕೆ ಬಂದಾಗಲೇ ನನಗೆ ಹೆಸರಿನ ಕಲ್ಲಿನ ಕನಸು. 'ಬಿ. ಶ್ರೀನಿವಾಸ, ಬಿ.ಕಾಂ.', ಕರಿಕಲ್ಲಿನ ಮೇಲೆ. ಜಯನಗರದ ಎಲ್ಲ ಎಂಜಿನಿಯರುಗಳಿಗೂ ಕೊರೆದ ಕೈ ನನಗೂ ಕೊರೆಯಬೇಡವೇ? ಒಂದು ದಿನ ರಜೆ ಹಾಕಿ, ಕಲ್ಲು ಆರಿಸಲು ಅಪ್ಪನನ್ನು ಕರೆದುಕೊಂಡು ಕೊಟ್ರಪ್ಪನ ಕ್ವಾರಿಗೆ ಹೋದೆ.

ಕ್ವಾರಿಯಲ್ಲಿ ಮೌನ. ಕೊಟ್ರಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಕರಿಕಲ್ಲು ಮುಗಿದುಹೋಗಿತ್ತು. ಅಗೆಯುತ್ತಾ ಹೋದಂತೆ ಕರಿ ಗೋಡೆ ಒಂದು ಕಡೆ ಕತ್ತರಿಸಿದಂತೆ ನಿಂತು, ಮುಂದೆ ಬರೀ ಬಿಳಿಕಲ್ಲು. ಅರವತ್ತು ಆಳು ಕೈ ಕಟ್ಟಿ ಕೂತಿದ್ದರು.

"ಇವತ್ತು ಗೌರ್ಮೆಂಟ್ ಆಫೀಸರ್ ಬರ್ತಾರಂತೆ. ಕಲ್ಲು ಮುಗೀತು ಅಂತ ಬರ್ಕೊಂಡು ಹೋದ್ರೆ ಗುತ್ತಿಗೆ ಹೋಯ್ತು, ನಾವೂ ಹೋದ್ವಿ" ಎಂದ.

ಸ್ವಲ್ಪ ಹೊತ್ತಿಗೆ ಧೂಳೆಬ್ಬಿಸಿಕೊಂಡು ಜೀಪು ಬಂತು. ಆಳುಗಳೆಲ್ಲ ಎದ್ದು ನಿಂತರು. ಅಪ್ಪನೂ ಎದ್ದ. ನಲವತ್ತು ವರ್ಷದ ಅಭ್ಯಾಸ, ಜೀಪು ಕಂಡ ಕೂಡಲೇ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಬೆನ್ನು ಸ್ವಲ್ಪ ಬಗ್ಗಿಸಿ ನಿಂತ. ಜೀಪಿನಿಂದ ಮೊದಲು ಡ್ರೈವರ್ ಇಳಿದ. ಆಮೇಲೆ ಕ್ಯಾನ್‌ವಾಸ್ ಶೂ ಹಾಕಿದ ಎರಡು ಕಾಲು, ಮೇಲೆತ್ತಿ ಸಿಕ್ಕಿಸಿದ ಸೀರೆಯ ನೆರಿಗೆ, ಹೆಗಲಿಗೆ ಚೀಲ. ನಮ್ಮ ವಾರಿಜಾ.

ಅವಳು ಈ ಕಡೆಯ ಕ್ವಾರಿಗಳನ್ನು ನೋಡುತ್ತಾಳೆಂದು ನನಗೂ ಗೊತ್ತಿರಲಿಲ್ಲ, ಮನೆಯಲ್ಲಿ ಆಫೀಸಿನ ಸುದ್ದಿ ಅವಳು ಹೇಳುತ್ತಿದ್ದುದೇ ಕಡಿಮೆ. ಅಪ್ಪ ಟವೆಲ್ ಕಂಕುಳಲ್ಲಿಟ್ಟುಕೊಂಡು ಮಗಳ ಮುಂದೆ ಬಗ್ಗಿ ನಿಂತಿದ್ದ. ಅವಳು ಆಳುಗಳನ್ನೆಲ್ಲ ದಾಟಿಕೊಂಡು ನೆಟ್ಟಗೆ ಅಪ್ಪನ ಹತ್ತಿರ ಬಂದಳು.

"ಅಪ್ಪ, ಟವೆಲ್ ಸುತ್ಕೋ. ಬಿಸಿಲಿದೆ."

ಅಪ್ಪ ಅವಳನ್ನೇ ನೋಡಿದ. ಜೀಪು ನೋಡಿದ, ಎದ್ದು ನಿಂತಿದ್ದ ಆಳುಗಳನ್ನು ನೋಡಿದ. ನಿಧಾನವಾಗಿ ಅವನ ಬೆನ್ನು ನೆಟ್ಟಗಾಯಿತು. ಆದರೆ ಟವೆಲ್ ಮಾತ್ರ ಕಂಕುಳಲ್ಲೇ ಇತ್ತು.

"ಇರ್ಲಿ ಬಿಡು. ಕಂಡ ಕಂಡ ಆಫೀಸರ್‌ಗೆಲ್ಲ ತೆಗ್ದಿದೀನಿ. ನನ್ ಮಗಳಿಗೆ ತೆಗೀಬಾರ್ದಾ?" ಎಂದ.

ವಾರಿಜಾ ತಿರುಗಿ ಕಲ್ಲು ನಿಂತುಹೋದ ಜಾಗಕ್ಕೆ ಇಳಿದಳು. ಅರ್ಧ ಗಂಟೆ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು, ಸುತ್ತಿಗೆಯಲ್ಲಿ ತಟ್ಟಿ, ಕೈಯಲ್ಲಿ ಸವರಿ, ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಆಮೇಲೆ ಅಪ್ಪನನ್ನು ಕೂಗಿದಳು. ಎಲ್ಲರೂ ಇಳಿದು ಹೋದೆವು. ಕರಿಕಲ್ಲು ಕತ್ತರಿಸಿ ನಿಂತಿದ್ದ ಕಡೆ ಬಂಡೆಯ ಮೇಲೆ ಉದ್ದುದ್ದ ಗೀರುಗಳಿದ್ದವು.

"ಇಲ್ಲಿ ಕೈ ಆಡ್ಸು ಅಪ್ಪ. ಮೊದಲು ಆ ಕಡೆಗೆ."

ಅಪ್ಪ ಅಂಗೈ ಇಟ್ಟು ಎಡಕ್ಕೆ ಎಳೆದ. "ತೊಡರ್ತದೆ" ಎಂದ.

"ಈಗ ಈ ಕಡೆಗೆ."

ಬಲಕ್ಕೆ ಎಳೆದ. "ನುಣ್ಣಗೈತೆ."

"ಕರಿಕಲ್ಲು ಮುಗಿದಿಲ್ಲ ಅಪ್ಪ. ಯಾವತ್ತೋ ಇಲ್ಲಿ ಭೂಮಿ ಸೀಳಿದೆ. ಸೀಳಿದ ಆಚೆ ಬದಿ ಬಂಡೆ ಈ ಬದಿಗೆ ಉಜ್ಜಿಕೊಂಡು ಸರಿದಿದೆ. ಅದರದ್ದೇ ಗೀರು ಇದು. ಕೈಗೆ ನುಣ್ಣಗಾಗೋ ದಿಕ್ಕಿಗೆ ಸರಿದಿದೆ ಅಂತ ಅರ್ಥ. ಗೋಡೆಯ ಇನ್ನೊಂದು ತುಂಡು ಈ ಬಲಗಡೆ ಇರ್ಬೇಕು."

ಚೀಲದಿಂದ ಸೀಮೆಸುಣ್ಣ ತೆಗೆದಳು. ಇಪ್ಪತ್ತು ಹೆಜ್ಜೆ ಅಳೆದುಕೊಂಡು ಹೋಗಿ, ಬಿಳಿಕಲ್ಲಿನ ಮೇಲೆ ಅದಕ್ಕಿಂತ ಬೆಳ್ಳಗೆ ಎರಡು ದಪ್ಪ ಗೆರೆ ಎಳೆದಳು. ಒಂಬತ್ತು ವರ್ಷದ ನಂತರ ಅಪ್ಪನ ಕಣ್ಣಮುಂದೆ ಅವಳ ಕೈಯಲ್ಲಿ ಸೀಮೆಸುಣ್ಣ.

"ಇಲ್ಲಿ ತೆಗ್ದು ನೋಡಿ ಕೊಟ್ರಪ್ಪನವರೇ. ಆಮೇಲೆ ನಾನು ರಿಪೋರ್ಟ್ ಬರೀತೀನಿ."

"ಆಗ್ಲಿ ಮೇಡಂ" ಎಂದ ಕೊಟ್ರಪ್ಪ. ಅವನ ಬಾಯಿಂದ ಅಷ್ಟು ಚಿಕ್ಕ ವಾಕ್ಯ ನಾನು ಕೇಳಿದ್ದು ಅದೇ ಮೊದಲು.

ಅಪ್ಪ ಮಾತ್ರ ಆ ಗೀರಿನ ಮುಂದೆಯೇ ನಿಂತಿದ್ದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೈ ಆಡಿಸುತ್ತಿದ್ದ. "ಇಂಥ ಗೀರು ಎಷ್ಟು ನೋಡಿವ್ನಿ ಸೀನು! ಕಲ್ಲು ಕೆಟ್ಟೈತೆ ಅಂತ ಬಿಸಾಕ್ತಿದ್ದೆ" ಎಂದ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಪಕ್ಕದಲ್ಲಿ ಕೂತ ಅಪರಿಚಿತನಿಗೆ, ಅವನು ಕೇಳದಿದ್ದರೂ, "ನನ್ ಮಗಳು ಕಲ್ಲಿನ ಆಫೀಸರ್ರು" ಎಂದು ಹೇಳಿದ. ಅವನು ಇಳಿದುಹೋದ ಮೇಲೆ ಅವನ ಜಾಗಕ್ಕೆ ಬಂದವನಿಗೂ ಹೇಳಿದ. ನನಗೆ ನಾಚಿಕೆಯಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಮೂರನೆಯವನು ಬಂದಿದ್ದರೆ ನಾನೇ ಹೇಳುತ್ತಿದ್ದೆ.

ಇಪ್ಪತ್ತೆರಡನೇ ದಿನಕ್ಕೆ, ಅವಳು ಗೆರೆ ಎಳೆದ ಜಾಗದಲ್ಲಿ, ಎರಡಾಳು ಆಳದಲ್ಲಿ ಕರಿಕಲ್ಲು ಸಿಕ್ಕಿತು. ಮರುದಿನವೇ ನಮ್ಮ ಹೊಸ ಮನೆಯ ಮುಂದೆ ಕೊಟ್ರಪ್ಪನ ಲಾರಿ ಬಂದು ನಿಂತಿತು. ಒಳಗೆ ಮುಖ ನೋಡಿಕೊಳ್ಳುವಂತೆ ಪಾಲಿಶ್ ಮಾಡಿದ ಕರಿ ಚಪ್ಪಡಿ. "ಮೇಡಂ ಮನೆ ಹೆಸರಿಗೆ, ಕಾಣಿಕೆ" ಎಂದ ಕೊಟ್ರಪ್ಪ. ನಾನಂತೂ ಅದರಲ್ಲಿ ನನ್ನ ಮುಖ ನೋಡಿಕೊಂಡು ಕ್ರಾಪು ಕೂಡ ಸರಿಮಾಡಿಕೊಂಡೆ.

"ವಾಪಸ್ ತಗೊಂಡೋಗು" ಎಂದ ಅಪ್ಪ.

"ಯಾಕಣ್ಣಾ?"

"ಅವ್ಳು ನಿನ್ ಕ್ವಾರಿ ಬಗ್ಗೆ ಬರ್ಯೋ ಆಫೀಸರ್ರು. ಆಫೀಸರ್ ಮನೆಗೆ ಬಿಟ್ಟಿ ಕಲ್ಲು ಬರಬಾರ್ದು. ಕಾಸು ಕೊಟ್ಟೂ ನಿನ್ನತ್ರ ತಗಳಲ್ಲ."

ಲಾರಿ ಹೊರಟುಹೋಯಿತು. ನನ್ನ ಬಿ.ಕಾಂ. ಕೂಡ ಅದರ ಜೊತೆ ಹೊರಟುಹೋದಂತೆ ನನಗೆ ಕಂಡಿತು.

ಮನೆ ಮುಗಿದು ಗೃಹಪ್ರವೇಶಕ್ಕೆ ವಾರವಿತ್ತು. ಅಪ್ಪ ಹಳೆಯ ಮನೆಯ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮುಂದೆ ಕೂತ. ಅಮ್ಮ ಅಂದಿನ ಬಟ್ಟೆ ಒಗೆದು ಆಗಷ್ಟೇ ಎದ್ದಿದ್ದಳು. ಒಂಬತ್ತು ವರ್ಷ ಸೀರೆ, ಪಂಚೆ, ನನ್ನ ಬ್ಯಾಂಕಿನ ಶರ್ಟು, ವಾರಿಜಾಳ ಧೂಳು ಹಿಡಿದ ಬಟ್ಟೆ, ಎಲ್ಲ ಬಿದ್ದೂ ಬಿದ್ದೂ ಆ ಕಲ್ಲಿನ ಮೈ ಹಿತವಾಗಿ ನುಣುಪಾಗಿತ್ತು. ಅಪ್ಪ ಅದರ ಮೇಲೆ ಕೈ ಆಡಿಸಿದ, ಆ ಕಡೆಗೊಮ್ಮೆ, ಈ ಕಡೆಗೊಮ್ಮೆ.

"ಇಂಥ ಪಾಲಿಶ್ ನನ್ ಕೈಲೂ ಬರಲ್ಲ ರುದ್ರಿ" ಎಂದ.

"ನನ್ ರಟ್ಟೆ ಬಿದ್ದೋಗೈತಲ್ಲ, ಬರ್ದೆ ಏನು?" ಎಂದಳು ಅಮ್ಮ.

ಕಲ್ಲನ್ನು ಮರದ ಕೆಳಗೆ ತಂದೆವು. ವಾರಿಜಾ ಆಫೀಸಿನಿಂದ ಬಂದು ಚೀಲವನ್ನು ಬದಿಗಿಡುತ್ತಿದ್ದಳು. ಅಪ್ಪ ಜೇಬಿನಿಂದ ಒಂದು ಸೀಮೆಸುಣ್ಣ ತೆಗೆದು ಅವಳ ಕೈಗಿಟ್ಟ. "ಬರಿ" ಎಂದ. ಒಂಬತ್ತು ವರ್ಷದ ಜಗಳಕ್ಕೆ ಅವನು ಹೇಳಿದ್ದು ಆ ಒಂದೇ ಮಾತು. ವಾರಿಜಾಳ ಕಣ್ಣು ತುಂಬಿಕೊಂಡಿತು. ಸೆರಗಿನಿಂದ ಒರೆಸಿಕೊಂಡು, ಕೂತು, 'ಬಿ. ವಾರಿಜಾ, ಎಂ.ಎಸ್ಸಿ.' ಎಂದು ಬರೆದಳು.

"ಏನ್ ಓದಿದೆ ಅಂತ ಹೆಂಗೆ ಗೊತ್ತಾಯ್ತದೆ? ಕಲ್ಲಿಂದು ಅಂತ ಹಾಕು."

'ಭೂವಿಜ್ಞಾನ' ಎಂದು ಸೇರಿಸಿದಳು. ಅದರ ಕೆಳಗೆ, ಅಪ್ಪ ಹೇಳುವ ಮೊದಲೇ, 'ಬಿ. ಶ್ರೀನಿವಾಸ, ಬಿ.ಕಾಂ.' ಎಂದು ನನ್ನನ್ನೂ ಬರೆದಳು. ನನ್ನ ಅಕ್ಷರ ಅವಳದಕ್ಕಿಂತ ಅರ್ಧ ಇಂಚು ಚಿಕ್ಕದು. ಅಳೆದು ನೋಡಿದ್ದೇನೆ. ಅಂದು ನನಗೆ ಬೇಸರವಾಗಲಿಲ್ಲ ಎಂದರೆ ನೀವು ನಂಬಬೇಕು.

"ನಿನ್ ಹೆಸರೆಲ್ಲಪ್ಪ?" ಎಂದು ಅವಳು ಕೇಳಿದಳು.

ಅಪ್ಪ ಉಳಿಯ ತುದಿಯನ್ನು ಎರಡೂ ಸಾಲಿನ ಮೊದಲ ಅಕ್ಷರ 'ಬಿ.' ಮೇಲೆ ಇಟ್ಟು ತೋರಿಸಿದ. "ಇದು ನಾನೇ ಅಲ್ವಾ? ಎರಡು ಸಲ ಇವ್ನಿ" ಎಂದು ಕೊರೆಯಲು ಶುರು ಮಾಡಿದ.

ಗೇಟಿನ ಕಂಬಕ್ಕೆ ಕಲ್ಲು ಕೂರಿಸುವ ದಿನ ಗಾರೆಯವನು ಅದನ್ನು ತಿರುಗಿಸಿ ನೋಡಿದ. ಹಿಂದೆ ಮಣ್ಣು ಮೆತ್ತಿಕೊಂಡು, ಸೋಪಿನ ಕೊಳೆ ತುಂಬಿಕೊಂಡು, ಹಳೆಯ ಬಿ.ಇ. ಹಾಗೆಯೇ ಇತ್ತು.

"ಹಿಂದ್ಗಡೆ ಏನೋ ಕೊರ್ದೈತಲ್ಲಣ್ಣ. ಕೆತ್ತಿ ಮಟ್ಟ ಮಾಡ್ಲಾ?" ಎಂದು ಕೇಳಿದ.

ಅಪ್ಪ ನೀರು ತರಿಸಿ ತಾನೇ ಆ ಅಕ್ಷರಗಳನ್ನು ತೊಳೆದ. ಬೆರಳು ಹಾಕಿ ಒಂದೊಂದರ ಮಣ್ಣನ್ನೂ ತೆಗೆದ.

"ಬೇಡ, ಹಂಗೇ ಇರ್ಲಿ. ಆ ಹಳ್ಳಕ್ಕೆ ಸಿಮೆಂಟು ಚೆನ್ನಾಗಿ ಕಚ್ಕೊಳ್ತದೆ. ಮುಂದಿರೋದು ಜನ್ಮಕ್ಕೂ ಅಲ್ಲಾಡಲ್ಲ" ಎಂದ.